ಪ್ರತಿ: ಲಾಭದಲ್ಲಿ 10 ಪರ್ಸೆಂಟ್ ಕೊಟ್ರೆ ಸೋಶಿಯಲ್ ಎಂಟರ್‌ಪ್ರೈಸ್ ಆಗುತ್ತಾ?

ಟೂರ್ ಕಂಪನಿ ಮಾಡಿ ಲಾಭದಲ್ಲಿ 10 ಪರ್ಸೆಂಟ್ ಟೂರ್ ಹೋಗೋ ಊರಿನ ಶಾಲೆಗೆ ಕೊಟ್ರೆ ಸೋಶಿಯಲ್ ಎಂಟರ್‌ಪ್ರೈಸ್, ಅಂದ್ರೆ ಸಮಾಜದ ಒಂದು ಸಮಸ್ಯೆ ಬಗೆಹರಿಸೋಕೇ ನಡೆಸೋ ಬಿಸಿನೆಸ್, ಅನ್ನಿಸ್ಕೊಳ್ಳೋಕೆ ಸಾಕಾ ಅಂತ ಕೇಳಿದೀರಲ್ಲ, ನನ್ ಪ್ರಕಾರ ಸಾಲಲ್ಲ, ಅದು ದಾನ, ಒಳ್ಳೇದೇ, ಆದ್ರೆ ಲಾಭ ಬರದ ವರ್ಷ ಶಾಲೆ ಕಥೆ ಏನು? ಬಿಸಿನೆಸ್ ನಡೆಯೋ ರೀತೀಲೇ ಆ ಸಮಸ್ಯೆಗೆ ಪರಿಹಾರ ಇರ್ಬೇಕು. ವಿಯೆನ್ನಾದಲ್ಲಿ ಮಗ್ದಾಸ್ ಅಂತ ಹೋಟೆಲ್ ಇದೆ, ಕಾರಿತಾಸ್ ಅನ್ನೋ ಕ್ಯಾಥೊಲಿಕ್ ಸೇವಾ ಸಂಸ್ಥೆ 2015ರಲ್ಲಿ ಶುರು ಮಾಡಿದ್ದು, ನಿರಾಶ್ರಿತರಾಗಿ ಬಂದೋರಿಗೆ ಕೆಲಸ ಕೊಡೋದೇ ಅದರ ಉದ್ದೇಶ, ಅಂದ್ರೆ ರೂಮ್ ಬುಕ್ ಆದ್ರೆ ಸಾಕು ಅವ್ರ ಸಂಬಳ ನಡೆಯುತ್ತೆ. ಆಫ್ರಿಕಾದ ನಮೀಬಿಯಾದ್ದು ಇನ್ನೊಂದು ದಾರಿ, ನಂಗೆ ಇದೇ ಹೆಚ್ಚು ಇಷ್ಟ: 1996ರಲ್ಲಿ ಕಾನೂನು ತಿದ್ದಿದ್ಮೇಲೆ ಹಳ್ಳಿಯೋರೇ ಕನ್ಸರ್ವೆನ್ಸಿ (ತಮ್ಮ ಪ್ರದೇಶದ ವನ್ಯಜೀವಿ ನೋಡ್ಕೊಳ್ಳೋ ಊರಿನೋರ ಸಂಘ) ಕಟ್ಕೊಂಡು ವನ್ಯಜೀವಿ, ಟೂರಿಸಂ ಆದಾಯದ ಮೇಲೆ ಹಕ್ಕು ಪಡ್ಕೊಂಡ್ರು, ಲಾಡ್ಜ್ ನಡೆಸೋ ಕಂಪನಿ ಅವ್ರ ಹತ್ರನೇ ಒಪ್ಪಂದ ಮಾಡ್ಕೋಬೇಕು, ಹಂಗಾಗಿ ಚೌಕಾಸಿ ಮಾಡೋ ಶಕ್ತಿ ಹಳ್ಳಿಯೋರ ಕೈಲಿರುತ್ತೆ.

ನೀವು ಮೊದ್ಲು ಒಂದು ಲೆಕ್ಕ ಹಾಕಿ, ಗೆಸ್ಟ್ ಕೊಡೋ ದುಡ್ಡಲ್ಲಿ ಬುಕಿಂಗ್ ಸೈಟ್ ಕಮಿಷನ್, ಹೊರಗಿಂದ ತರಿಸೋ ಸಾಮಾನು, ಹೊರಗಿನ ಮ್ಯಾನೇಜರ್ ಸಂಬಳ ಎಲ್ಲಾ ಕಳೆದು ಆ ಜಾಗದಲ್ಲಿ ಉಳಿಯೋದೆಷ್ಟು ಅಂತ. ಆಫ್ ಸೀಸನ್‌ನಲ್ಲಿ ಗೈಡ್‌ಗಳು ಏನ್ ಮಾಡ್ತಾರೆ ಅನ್ನೋದನ್ನೂ ಈಗ್ಲೇ ಯೋಚಿಸಿ.

ಆಮೇಲೆ ಅನಾಥಾಶ್ರಮ ವಿಸಿಟ್ ಪ್ಯಾಕೇಜ್‌ಗೆ ಮಾತ್ರ ಕೈ ಹಾಕ್ಬೇಡಿ, ನೋಡೋಕೆ ಜನ ಬರ್ತಾರೆ ಅಂತಾನೇ ಅಪ್ಪ ಅಮ್ಮ ಇರೋ ಮಕ್ಳನ್ನೂ ತಂದು ಇಟ್ಕೊಂಡಿರೋದು ಎಷ್ಟೋ ದೇಶಗಳಲ್ಲಿ ಬಯಲಾಗಿದೆ.