ಮಕ್ಕಳಿಗೆ ಲೈವ್ ವಿಡಿಯೋ ಚಾಟ್ ಆಪ್ ಬಳಸಲು ಬಿಡಬಹುದೇ?

ಹನ್ನೊಂದು ವರ್ಷದ ಮಗಳು ಲೈವ್ ವಿಡಿಯೋ ಚಾಟ್ ಆಪ್ ಬೇಕೆಂದು ಹಟ ಹಿಡಿದಿದ್ದಾಳೆ, ಒಪ್ಪಿದರೆ ಯಾವ ಎಚ್ಚರಿಕೆ ವಹಿಸಬೇಕು ಎಂದು ಕೇಳಿದ್ದೀರಿ. ಇಬ್ಬರು ಮಕ್ಕಳ ತಂದೆಯಾದ ನಾನು ಮೊದಲು ನೋಡುವುದು, ಪರದೆಯ ಆಚೆ ಯಾರು ಬರಬೇಕೆಂಬುದು ಯಾರ ಕೈಯಲ್ಲಿದೆ ಎಂಬುದನ್ನು. ಪರಿಚಿತರಿಂದ ಮಾತ್ರ ಕರೆ ಬರುವಂತೆ ಮಾಡಬಹುದಾದರೆ ಯೋಚಿಸಬಹುದು. ಗುಂಡಿ ಒತ್ತಿದೊಡನೆ ಯಾರೋ ಅಪರಿಚಿತರನ್ನು ಎದುರಿಗೆ ತಂದು ನಿಲ್ಲಿಸುವ ಆಪ್ ಆಗಿದ್ದರೆ ಯಾವ ಎಚ್ಚರಿಕೆಯೂ ಸಾಲದು, ಬೇಡವೆಂದುಬಿಡಿ. 2009ರಲ್ಲಿ ಶುರುವಾದ ಒಮೆಗಲ್ ಅಂಥದ್ದೇ ತಾಣ. ನಿಮ್ಮ ಮಗಳ ವಯಸ್ಸಿನಲ್ಲೇ ಅಲ್ಲಿ ದುರುಳನೊಬ್ಬನ ಕೈಗೆ ಸಿಕ್ಕಿದ್ದ ಹುಡುಗಿ ದೊಡ್ಡವಳಾದ ಮೇಲೆ ದಾವೆ ಹೂಡಿದಳು, 2023ರ ನವೆಂಬರ್‌ನಲ್ಲಿ ತಾಣ ಮುಚ್ಚಿತು.

ಹದಿಮೂರು ವರ್ಷ ದಾಟಿದವರಿಗೆ ಎಂಬ ಸೂಚನೆಯನ್ನು ಸುರಕ್ಷತೆಯ ಮುದ್ರೆಯೆಂದು ಭಾವಿಸಬೇಡಿ. ಹದಿಮೂರರೊಳಗಿನ ಮಕ್ಕಳ ಮಾಹಿತಿಯನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಸಂಗ್ರಹಿಸಬಾರದೆಂಬ ಅಮೆರಿಕದ 1998ರ ಕಾನೂನಿನಿಂದ ಬಂದ ಗೆರೆ ಅದು. ಸುಳ್ಳು ಜನ್ಮದಿನಾಂಕ ಹಾಕಿ ದಾಟುವುದು ಮಕ್ಕಳಿಗೆ ಚೆನ್ನಾಗಿ ಗೊತ್ತು.

ಮಾತು ಮುಗಿದರೆ ದೃಶ್ಯವೂ ಮುಗಿಯಿತೆಂದು ಮಕ್ಕಳು ನಂಬಿರುತ್ತಾರೆ. ಆದರೆ ಆ ಕಡೆಯವರು ಪರದೆಯನ್ನು ಸದ್ದಿಲ್ಲದೆ ರೆಕಾರ್ಡ್ ಮಾಡಿಕೊಳ್ಳಬಹುದು, ಎದುರಿಗೆ ಕಾಣುವ ಹುಡುಗಿಯೇ ಮೊದಲೇ ಚಿತ್ರಿಸಿಟ್ಟ ವಿಡಿಯೋ ಆಗಿರಬಹುದು. ಬಲೆ ಬೀಸುವವರು ಸಾಮಾನ್ಯವಾಗಿ ಹೊಗಳಿಕೆಯಿಂದ ಶುರುಮಾಡಿ, ಬೇರೊಂದು ಆಪ್‌ಗೆ ಬಾ, ಮನೆಯಲ್ಲಿ ಹೇಳಬೇಡ ಎನ್ನುತ್ತಾರೆ. ಈ ಎರಡು ಮಾತುಗಳು ಕಿವಿಗೆ ಬಿದ್ದೊಡನೆ ಕರೆ ಕಡಿಯಬೇಕೆಂದು ಮಗಳಿಗೆ ಹೇಳಿಕೊಡಿ.

ಸೆಟ್ಟಿಂಗ್‌ಗಳಿಗೆ ಹತ್ತು ನಿಮಿಷ ಸಾಕು: ಸಂಪರ್ಕ ಪಟ್ಟಿಯವರಿಗಷ್ಟೇ ಕರೆ, ಸ್ಥಳದ ಮಾಹಿತಿ ಬಂದ್, ಹಿನ್ನೆಲೆ ಮಸುಕು. ಶಾಲೆಯ ಸಮವಸ್ತ್ರದಲ್ಲಿ ಕ್ಯಾಮೆರಾ ಮುಂದೆ ಕೂರುವುದೂ ಬೇಡ, ಬಾಗಿಲು ಹಾಕಿಕೊಂಡ ಕೋಣೆಯೂ ಬೇಡ.

ಇಷ್ಟೆಲ್ಲ ಮಾಡಿಯೂ ನಾನು ಸೋತದ್ದು ಬೇರೆಡೆ. ಆನ್‌ಲೈನ್ ಆಟದಲ್ಲಿ ಪರಿಚಯವಾದ ಯಾರೋ ವಿಡಿಯೋ ಕರೆಗೆ ಒತ್ತಾಯಿಸುತ್ತಿದ್ದುದನ್ನು ನನ್ನ ಕಿರಿಯ ಮಗ ಎರಡು ವಾರ ಮುಚ್ಚಿಟ್ಟಿದ್ದ. ಏಕೆಂದು ಕೇಳಿದರೆ, "ಹೇಳಿದ್ರೆ ಫೋನ್ ಕಿತ್ಕೋತೀಯಲ್ಲಪ್ಪಾ" ಎಂದ. ಬೆದರಿಸುವವರಿಗೆ ಬಲ ಕೊಡುವುದು ಈ ಭಯವೇ. ಏನೇ ಆದರೂ ಬೈಯುವುದಿಲ್ಲ, ಫೋನ್ ಕಸಿಯುವುದಿಲ್ಲ ಎಂದು ಆಪ್ ಹಾಕಿಕೊಡುವ ದಿನವೇ ಮಾತು ಕೊಡಿ, ಅದಕ್ಕೆ ತಪ್ಪಬೇಡಿ.

ಒಂದು ವೇಳೆ ಯಾರಾದರೂ ಚಿತ್ರ ಹಿಡಿದುಕೊಂಡು ಬೆದರಿಸಿದರೆ ಹಣ ಕೊಡಬೇಡಿ, ಮತ್ತೊಂದು ಚಿತ್ರ ಕಳುಹಿಸಲು ಬಿಡಬೇಡಿ, ಗಾಬರಿಯಲ್ಲಿ ಸಂದೇಶಗಳನ್ನು ಅಳಿಸಬೇಡಿ. ಖಾತೆಯ ಹೆಸರು ಬರೆದಿಟ್ಟುಕೊಂಡು ಆಪ್‌ಗೆ ದೂರು ಸಲ್ಲಿಸಿ, ಖಾತೆಯನ್ನು ಬ್ಲಾಕ್ ಮಾಡಿ, ಪೊಲೀಸರ ಬಳಿ ಹೋಗಿ. ಹದಿನೆಂಟರೊಳಗಿನವರ ನಗ್ನ ಚಿತ್ರಗಳು ಹರಡದಂತೆ ತಡೆಯಲು ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆಯಿದೆ. ಅದು ಚಿತ್ರವನ್ನು ಪಡೆಯುವುದಿಲ್ಲ. ನಿಮ್ಮ ಫೋನಿನಲ್ಲೇ ಚಿತ್ರದ ಗುರುತು ಸಂಖ್ಯೆಯನ್ನು ತಯಾರಿಸಿ, ತನ್ನೊಡನೆ ಕೈಜೋಡಿಸಿರುವ ಕಂಪನಿಗಳಿಗೆ ಅದನ್ನಷ್ಟೇ ತಲುಪಿಸುತ್ತದೆ.