ನೀವು ಆಡಿದ ವಿಡಿಯೋ ಗೇಮ್‌ಗಳಲ್ಲಿ ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ?

ಪ್ರಶ್ನೆಯ ಜೊತೆ ನೀವು ಇನ್ನೂ ಒಂದಿಷ್ಟು ಹೇಳಿದ್ದೀರಿ: ವಯಸ್ಸು ಮೂವತ್ತೈದು ದಾಟಿದೆ, ರಾತ್ರಿ ಊಟ ಆದಮೇಲೆ ಅರ್ಧ-ಮುಕ್ಕಾಲು ಗಂಟೆ ಸಿಗುತ್ತದೆ, ಆಟದಲ್ಲಿ ಅಂಥ ಪಂಟರ್ ಏನಲ್ಲ. ನಾನೂ ಅದೇ ಪೈಕಿ. ಸಿಂಧನೂರಿನಲ್ಲಿ ಬೀಜ, ಗೊಬ್ಬರ, ಎಣ್ಣಿ ಮಾರುವ ಅಂಗಡಿ ಇದೆ (ಎಣ್ಣಿ ಅಂದರೆ ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಿ, ಬೇರೆ ಅರ್ಥ ಮಾಡಿಕೊಳ್ಳಬೇಡಿ). ಇಪ್ಪತ್ತೈದು ವರ್ಷದಿಂದ ಆಗೀಗ ಆಡುತ್ತಲೇ ಬಂದಿದ್ದೇನೆ, ಪೂರ್ತಿ ಮುಗಿಸಿದ ಆಟ ಮಾತ್ರ ಒಂದು ಕೈಬೆರಳಿನಷ್ಟೂ ಇಲ್ಲ. ಗ್ರಾಫಿಕ್ಸ್ ಹೇಗಿದೆ, ಫ್ರೇಮ್ ರೇಟ್ ಎಷ್ಟು ಅಂತ ನನ್ನನ್ನು ಕೇಳಿ ಉಪಯೋಗವಿಲ್ಲ. ನನ್ನ ತಕ್ಕಡಿ ಒಂದೇ: ಆಟ ನನ್ನನ್ನು ಎದ್ದು ಹೋಗಲು ಬಿಡುತ್ತದೋ ಇಲ್ಲವೋ.

ಈ ತಕ್ಕಡಿ ಸಿಕ್ಕಿದ್ದು ಕರೆಂಟಿನಿಂದ. ರಾಜ್ಯಕ್ಕೆಲ್ಲ ಕರೆಂಟ್ ಕೊಡುವ ಶಕ್ತಿನಗರದ ಥರ್ಮಲ್ ಸ್ಟೇಷನ್ ಇರುವುದು ನಮ್ಮ ರಾಯಚೂರು ಜಿಲ್ಲೆಯಲ್ಲೇ. ದೀಪದ ಬುಡ ಕತ್ತಲು ಅನ್ನುತ್ತಾರಲ್ಲ, ನಾವು ಆ ಬುಡದಲ್ಲೇ ಬೆಳೆದವರು. ತೊಂಬತ್ತರ ದಶಕದ ಕೊನೆಗೆ ನಮ್ಮ ದೊಡ್ಡಪ್ಪನ ಮನೆಗೆ ಟಿವಿ ಗೇಮ್ ಬಂತು. ಹಳದಿ ಕ್ಯಾಸೆಟ್ಟಿನ ಮೇಲೆ 99999 ಆಟ ಅಂತ ಬರೆದಿತ್ತು. ಒಳಗೆ ಎಣಿಸಿದರೆ ಏಳೋ ಎಂಟೋ, ಅವನ್ನೇ ಹೆಸರು ತಿರುಚಿ ಮತ್ತೆ ಮತ್ತೆ ತುಂಬಿದ್ದರು. ಮಾರಿಯೋ ಅದರಲ್ಲಿ ಮೊದಲನೆಯದು. 1985ರ ಆ ಆಟದಲ್ಲಿ 8 ಲೋಕ, ಒಂದೊಂದರಲ್ಲಿ 4 ಹಂತ, ಒಟ್ಟು 32. ನಡುವೆ ಎಲ್ಲೂ ಸೇವ್ ಮಾಡುವ ಸೌಲಭ್ಯವಿಲ್ಲ. ಕರೆಂಟ್ ಹೋದರೆ ಮತ್ತೆ ಮೊದಲ ಅಣಬೆಯಿಂದ ಶುರು. ಅದೆಷ್ಟು ಬೇಸಿಗೆ ರಜೆ ಹೀಗೆ ಕಳೆದವೋ, ನಾನು ಎಂಟನೇ ಲೋಕದ ಮುಖ ನೋಡಲೇ ಇಲ್ಲ. ನಮ್ಮ ಓಣಿಯಲ್ಲಿ ಒಬ್ಬ ಹುಡುಗನಿಗೆ ಮಾತ್ರ ಎರಡನೇ ಹಂತದಲ್ಲಿ ಮೇಲಿನ ಇಟ್ಟಿಗೆ ಸಾಲು ಹತ್ತಿ ಓಡಿದರೆ ನೇರ ನಾಲ್ಕನೇ ಲೋಕಕ್ಕೆ ಹೋಗುವ ಪೈಪು ಸಿಗುತ್ತದೆ ಅಂತ ಗೊತ್ತಿತ್ತು. ಅವನಿಗೆ ಸಿಗುತ್ತಿದ್ದ ಮರ್ಯಾದೆ ಶಾಲೆಯ ಹೆಡ್ ಮಾಸ್ತರಿಗೂ ಸಿಗುತ್ತಿರಲಿಲ್ಲ.

ಅದರ ಜೊತೆ ಬಾತುಕೋಳಿ ಹೊಡೆಯುವ ಬಂದೂಕು ಬಂದಿತ್ತು, ಡಕ್ ಹಂಟ್. ಅದರೊಳಗಿನ ಉಪಾಯ ತಿಳಿದದ್ದು ದೊಡ್ಡವನಾದ ಮೇಲೆ. ಟ್ರಿಗರ್ ಒತ್ತಿದ ಕ್ಷಣಕ್ಕೆ ಪರದೆ ಪೂರ್ತಿ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಮಿನುಗುತ್ತದೆ. ಬಂದೂಕಿನ ಮೂತಿಯಲ್ಲಿರುವ ಕಣ್ಣಿಗೆ ಆ ಬೆಳಕು ಕಂಡರೆ ಗುರಿ ತಾಗಿದ ಹಾಗೆ. ಅಂದರೆ ಗುಂಡು ಟಿವಿಯಿಂದ ಬಂದೂಕಿಗೆ ಬರುತ್ತಿತ್ತು! ಹಳೇ ಡಬ್ಬಾ ಟಿವಿಯಲ್ಲಷ್ಟೇ ಇದು ನಡೆಯುತ್ತದೆ. ಗುರಿ ತಪ್ಪಿದಾಗ ಹುಲ್ಲಿನಿಂದ ಎದ್ದು ನಗುವ ಆ ನಾಯಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಕಾಲೇಜಿಗೆ ರಾಯಚೂರಿಗೆ ಹೋದಾಗ ಸೈಬರ್‌ಗಳ ಕಾಲ. ಊರೆಲ್ಲ ಕಾರು ಓಡಿಸಿಕೊಂಡು ಮಿಷನ್ ಮುಗಿಸುವ ವೈಸ್ ಸಿಟಿ ಆಟ ಆಡದವರೇ ಇರಲಿಲ್ಲ. ಚೀಟ್ ಕೋಡ್‌ಗಳನ್ನು ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆವು, ಪ್ಯಾಂಜರ್ ಅಂತ ಟೈಪ್ ಮಾಡಿದರೆ ಆಕಾಶದಿಂದ ಟ್ಯಾಂಕ್ ಬೀಳುತ್ತಿತ್ತು. ನಿಜ ಹೇಳಬೇಕೆಂದರೆ ಕತೆ ಏನಂತ ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಅಷ್ಟಕ್ಕಷ್ಟೇ. ಆಟಿಕೆ ಹೆಲಿಕಾಪ್ಟರಿನಲ್ಲಿ ನಾಲ್ಕು ಬಾಂಬ್ ಒಯ್ದು ಅರ್ಧ ಕಟ್ಟಿದ ಕಟ್ಟಡದೊಳಗೆ ಇಡುವ ಮಿಷನ್ ಒಂದಿದೆ, ಆಡಿದವರಿಗೆ ಹೊಟ್ಟೆ ಉರಿಯುವಷ್ಟು ನೆನಪಿರುತ್ತದೆ. ನಾನು ಅಲ್ಲಿಗೇ ನಿಂತೆ. ಆಮೇಲೆ ಸಮುದ್ರದ ಪಕ್ಕದ ರಸ್ತೆಯಲ್ಲಿ ರೇಡಿಯೋ ಹಾಕಿಕೊಂಡು ಸುಮ್ಮನೆ ಕಾರು ಓಡಿಸುವುದೇ ನನ್ನ ಆಟ. ರಾಯಚೂರಿನ ಮೇ ತಿಂಗಳಲ್ಲಿ, ಫ್ಯಾನೂ ಬಿಸಿಗಾಳಿ ಬೀಸುವಾಗ, ಪರದೆಯೊಳಗೆ ಮಳೆ ಬಂದರೆ ಗಂಟೆಗೆ ಕೊಟ್ಟ ದುಡ್ಡು ವಸೂಲಾಯಿತು ಅನ್ನಿಸುತ್ತಿತ್ತು. ಸೇವ್ ಮಾಡಬೇಕೆಂದರೆ ಆಟದೊಳಗಿನ ಮನೆಗೇ ಹೋಗಿ, ಅಲ್ಲಿ ತಿರುಗುವ ಕ್ಯಾಸೆಟ್ ಚಿತ್ರದ ಮೇಲೆ ನಿಲ್ಲಬೇಕು. ಅಲ್ಲಿಗೆ ಮುಟ್ಟುವುದರೊಳಗೆ ಕರೆಂಟ್ ಹೋಗಿರುತ್ತಿತ್ತು. ಉಳಿದಿದ್ದರೂ ಮರುದಿನ ಬೇರೆ ಯಾರೋ ಅದರ ಮೇಲೆ ತಮ್ಮದನ್ನು ಸೇವ್ ಮಾಡಿರುತ್ತಿದ್ದರು.

ಇಎ ಕ್ರಿಕೆಟ್ 07 ಬಗ್ಗೆ ಒಂದೇ ಮಾತು. ಆಟ ಚೆನ್ನಾಗಿತ್ತು, ನಮ್ಮ ಟೀಮಿಗೆ ಲೈಸೆನ್ಸ್ ಇಲ್ಲದೆ ಆಟಗಾರರ ಹೆಸರೆಲ್ಲ ತಿರುಚಿಟ್ಟಿದ್ದರು. ಯಾರಾದರೂ ಹೆಸರು ಸರಿಮಾಡುವ ಪ್ಯಾಚ್ ಫೈಲ್ ತಂದು ಹಾಕುವ ತನಕ ನಾವು ಬಾಯಲ್ಲಿ ಸರಿ ಹೆಸರು ಹೇಳಿಕೊಂಡೇ ಆಡುತ್ತಿದ್ದೆವು. ಒಂದೇ ಕೀಬೋರ್ಡಿಗೆ ಇಬ್ಬರು, ಐದು ಓವರ್, ಸೋತವನು ಮಂಡಾಳು ಮಿರ್ಚಿ ಕೊಡಿಸಬೇಕು.

ಈಗ ಹಿಡಿಸದ ಆಟಕ್ಕೆ ಬರುತ್ತೇನೆ. ಪಬ್‌ಜಿ ಕೆಟ್ಟ ಆಟ ಅಂತ ನಾನು ಹೇಳುವುದಿಲ್ಲ. ನೂರು ಜನ ವಿಮಾನದಿಂದ ಎಂಟು ಕಿಲೋಮೀಟರ್ ಉದ್ದಗಲದ ದ್ವೀಪಕ್ಕೆ ಹಾರುವುದು, ಸುತ್ತಲಿನ ವೃತ್ತ ಕುಗ್ಗುತ್ತಾ ಬಂದ ಹಾಗೆ ಎದೆ ಬಡಿದುಕೊಳ್ಳುವುದು, ಅದೆಲ್ಲ ಭಾರಿ ಚೆಂದ. ಒಂದು ಮ್ಯಾಚು ಅರ್ಧ ಗಂಟೆ ಹಿಡಿಯುತ್ತದೆ, ನಡುವೆ ಫೋನ್ ಕೆಳಗಿಟ್ಟರೆ ನೀವು ಸತ್ತಿರಿ, ನಿಮ್ಮ ಜೊತೆಗಿನ ಮೂವರ ಕೈಲಿ ಬೈಸಿಕೊಂಡಿರಿ. 2019ರ ಮುಂಗಾರು, ನಾಟಿ ಜೋರಾಗಿ ನಡೆದಿತ್ತು. ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲವೆಂದು ಶುರು ಹಚ್ಚಿದೆ. ಹನ್ನೆರಡು ಜನ ಉಳಿದಿದ್ದಾಗ ಜವಳಗೇರಾ ಕಡೆಯ ಒಬ್ಬ ಹಿರಿಯರು ಬಂದು ಜಿಂಕ್ ಕೇಳಿದರು. "ಒಂದ್ ನಿಮಿಷ ಕಾಕಾ" ಅಂದೆ. ಅವರು ಯೂರಿಯಾ ಚೀಲದ ಮೇಲೆ ಕೂತರು. ಟವೆಲ್‌ನಿಂದ ಮುಖ ಒರೆಸಿಕೊಂಡರು. ಮತ್ತೊಂದು ಸಲ "ಒಂದ್ ನಿಮಿಷ" ಅಂದೆ. ಅವರು ಎದ್ದು ಬಂದು ಕೌಂಟರಿನ ಮೇಲೆ ಬಗ್ಗಿ, ನನ್ನ ಫೋನನ್ನು ಸ್ವಲ್ಪ ಹೊತ್ತು ನೋಡಿ, ಭಾಳ ಸಮಾಧಾನದಿಂದ ಹೇಳಿದರು: "ತಮ್ಮಾ, ನೀ ಸತ್ತಮ್ಯಾಲೆ ಹೇಳು, ಜಿಂಕ್ ತಗೊಂಡ್ ಹೋಗ್ತೀನಿ."

ಅವತ್ತೇ ಬುದ್ಧಿ ಬಂತು ಅಂತ ಹೇಳಿದರೆ ಸುಳ್ಳಾಗುತ್ತದೆ. 2020ರ ಸೆಪ್ಟೆಂಬರ್ 2ಕ್ಕೆ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಅದರಲ್ಲಿ ಇದೂ ಇತ್ತು, ಹಾಗಾಗಿ ಬಿಟ್ಟೆ. ಮರುವರ್ಷ ಬಿಜಿಎಂಐ ಅಂತ ಹೆಸರು ಬದಲಿಸಿಕೊಂಡು ಬಂದಾಗ ಹಾಕಿಕೊಳ್ಳಲಿಲ್ಲ, ಅದಿಷ್ಟು ನನ್ನ ಸಾಧನೆ.

ಇದರ ಅಣ್ಣನಂಥದ್ದು ಎಲ್ಡನ್ ರಿಂಗ್. ಬೆಂಗಳೂರಿನಲ್ಲಿರುವ ನನ್ನ ಅಳಿಯ, ಅಂದರೆ ಅಕ್ಕನ ಮಗ, "ಮಾಮಾ, ಇದನ್ನ ಆಡದೆ ಇದ್ರ ಜನ್ಮ ವೇಸ್ಟ್" ಅಂತ ಕೂರಿಸಿದ. ಶುರುವಿನಲ್ಲೇ ಒಂದು ಹತ್ತಾರು ಕೈಗಳ ಭೂತ ಬಂದು ಕೊಂದಿತು. ಹಾಗೆ ಸಾಯಬೇಕೆಂದೇ ಮಾಡಿದ್ದಾರಂತೆ. ಹೊರಗೆ ಬಂದರೆ ಬಂಗಾರದ ಕವಚದ ಕುದುರೆ ಸವಾರ, ಅವನೂ ಕೊಂದ, ಒಂಬತ್ತು ಸಲ. ಅಷ್ಟರಲ್ಲಿ ಅಂಗಡಿಯಿಂದ ಫೋನ್ ಬಂತು. ಆಟ ನಿಲ್ಲಿಸೋಣ ಅಂತ ಹುಡುಕಿದರೆ ಪಾಜ್ ಬಟನ್ ಅನ್ನುವುದೇ ಇಲ್ಲ! ಮೆನು ತೆರೆದರೂ ಆ ಕಡೆ ಅವನು ಬಂದು ಬಡಿಯುತ್ತಾನೆ. ಆ ಮರಗಳು, ಆ ಬೆಳಕು ನೋಡಿದರೆ ಕಟ್ಟಿದವರ ಕೈಗೆ ಮುಗಿಯಬೇಕು ಅನ್ನಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಹೆಂಡತಿ ಮಕ್ಕಳು ವ್ಯಾಪಾರ ಇರುವವನಿಗೆ ಮಾತ್ರ ಅಲ್ಲ.

ಮನೆಯಾಕಿ ಕ್ಯಾಂಡಿ ಕ್ರಶ್ ಆಡುತ್ತಾಳೆ. ಐದು ಲೈಫು, ಒಂದೊಂದು ಮರಳಿ ತುಂಬಲು 30 ನಿಮಿಷ. ಮೇಲ್ನೋಟಕ್ಕೆ ಇದು ಎದ್ದು ಹೋಗು ಅನ್ನುವ ಆಟ. ನನಗೇಕೋ ಅದು ಉದ್ರಿ ವಸೂಲಿಗೆ ಬಂದವನು ಬಾಗಿಲಲ್ಲಿ ನಿಂತು "ಮತ್ತ ಅರ್ಧ ತಾಸಿಗೆ ಬರ್ತೀನಿ" ಅಂದ ಹಾಗೆ ಕೇಳಿಸುತ್ತದೆ. ಅವಳನ್ನು ಕೇಳಿದರೆ ಬೇರೆ ಉತ್ತರ ಬಂದೀತು. ಲಾಕ್‌ಡೌನಿನಲ್ಲಿ ಅವ್ವ ಲೂಡೋ ಕಿಂಗ್ ಕಲಿತು ನಮ್ಮನ್ನೆಲ್ಲ ಸೋಲಿಸಿದಳು; ಫೋನಿನ ದಾಳಕ್ಕೂ ಉಫ್ ಅಂತ ಊದಿಯೇ ಒತ್ತುತ್ತಿದ್ದಳು.

ನನಗೆ ಹಿಡಿಸಿದ್ದು ಸ್ಟಾರ್‌ಡ್ಯೂ ವ್ಯಾಲಿ. 2016ರಲ್ಲಿ ಬಂದದ್ದು, ಎರಿಕ್ ಬರೋನ್ ಅನ್ನುವ ಒಬ್ಬನೇ ಮನುಷ್ಯ ನಾಲ್ಕೈದು ವರ್ಷ ಕೂತು ಚಿತ್ರ, ಸಂಗೀತ, ಕತೆ, ಕೋಡ್ ಎಲ್ಲ ತಾನೇ ಮಾಡಿದ. ಅಜ್ಜ ಬಿಟ್ಟುಹೋದ ಬೀಳು ಹೊಲಕ್ಕೆ ಮೊಮ್ಮಗ ಪಟ್ಟಣದ ನೌಕರಿ ಬಿಟ್ಟು ಬರುತ್ತಾನೆ, ಅಷ್ಟೇ ಕತೆ. ದಿನವಿಡೀ ರೈತರ ಜೊತೆ ಏಗಿ ರಾತ್ರಿ ಮತ್ತೆ ಒಕ್ಕಲುತನದ ಆಟವೇ ಅಂತ ಅಳಿಯ ನಕ್ಕಿದ್ದ. ಆಡಿದ ಮೇಲೆ ಗೊತ್ತಾಯಿತು, ನಾನು ಅದರಲ್ಲಿ ರೈತನಿಗಿಂತ ಹೆಚ್ಚಾಗಿ ಅಂಗಡಿಯವನನ್ನೇ ನೋಡುತ್ತಿದ್ದೆ. ಪಿಯರ್ ಅಂತ ಅವನ ಹೆಸರು, ಆ ಊರಿನ ಬೀಜದ ಅಂಗಡಿ ಅವನದು. ಪ್ರತಿ ಬುಧವಾರ ಅಂಗಡಿ ಬಂದ್! ಮುಂಗಾರು ಹೊತ್ತಲ್ಲಿ ನಾನು ವಾರಕ್ಕೊಂದು ದಿನ ಬಾಗಿಲು ಹಾಕಿದರೆ ಜನ ಮನೆಗೇ ಬಂದು ಕೂಗುತ್ತಾರೆ. ಪಿಯರ್ ಉದ್ರಿಯನ್ನೂ ಕೊಡುವುದಿಲ್ಲ. ರೊಕ್ಕ ಇಟ್ಟರೆ ಬೀಜ, ಇಲ್ಲಾಂದರೆ ಇಲ್ಲ. ನಮ್ಮಲ್ಲಿ ಸುಗ್ಗಿ ಮೇಲೆ ಕೊಡ್ತೀನಿ ಅನ್ನುವ ಮಾತಿನ ಮೇಲೆ ಅರ್ಧ ವ್ಯಾಪಾರ ನಿಂತಿದೆ. ನನ್ನ ಉದ್ರಿ ಪುಸ್ತಕ ನೋಡಿದರೆ ಅವನು ಮೂರ್ಛೆ ಹೋದಾನು. ಎದುರಿಗೆ ಜೋಜಾ ಮಾರ್ಟ್ ಅಂತ ದೊಡ್ಡ ಕಂಪನಿ ಅಂಗಡಿ ತೆರೆದು ಅವನ ಹೊಟ್ಟೆಗೆ ಬೆಂಕಿ ಇಟ್ಟಿದೆ. ಅವನ ಬಗ್ಗೆ ನನಗೆ ಕನಿಕರ ಹುಟ್ಟಿದ್ದು ಅಲ್ಲಿ.

ಮೊದಲ ದಿನ ಊರಿನ ಮೇಯರ್ 15 ಪಾರ್ಸ್ನಿಪ್ ಬೀಜ ಪುಕ್ಕಟೆ ಕೊಡುತ್ತಾನೆ. ಅದೊಂದು ಬಿಳಿ ಗಜ್ಜರಿಯಂಥ ಗೆಡ್ಡೆ. ಆಮೇಲೆ ಬೇಕಾದರೆ ಒಂದು ಬೀಜ 20ಕ್ಕೆ ಕೊಂಡು, ನಾಲ್ಕು ದಿನ ನೀರು ಹಾಕಿ, ಬೆಳೆದದ್ದನ್ನು 35ಕ್ಕೆ ಮಾರಬಹುದು. ಹೊಲದ ಪಕ್ಕದ ಪೆಟ್ಟಿಗೆಯಲ್ಲಿ ಹಾಕಿ ಮಲಗಿದರೆ ಬೆಳಿಗ್ಗೆಗೆ ರೊಕ್ಕ ಜಮಾ. ದಲ್ಲಾಳಿ ಇಲ್ಲ, ತೇವ ಜಾಸ್ತಿ ಇದೆ ಅಂತ ತೂಕ ಮುರಿಯುವವರಿಲ್ಲ. ಒಂದು ತಿಂಗಳಿಗೆ 28 ದಿನ (ಅಲ್ಲಿ ಒಂದು ತಿಂಗಳೇ ಒಂದು ಋತು), ಒಂದು ದಿನ ಅಂದರೆ ನಮ್ಮ ಗಡಿಯಾರದಲ್ಲಿ ಸುಮಾರು 14 ನಿಮಿಷ, ಮಲಗಿದರೆ ಸೇವ್ ಆಗುತ್ತದೆ. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ವರ್ಷವಾಗಿದೆ. ಕರೆಂಟ್ ಹೋದರೆ ಹೋಗುವುದು ಆ ಒಂದು ದಿನ ಮಾತ್ರ. ಬೆಳೆಗೆ ಒಂದು ದಿನ ನೀರು ತಪ್ಪಿದರೂ ಸಾಯುವುದಿಲ್ಲ, ಆವತ್ತು ಬೆಳೆಯುವುದಿಲ್ಲ ಅಷ್ಟೇ. ಇಷ್ಟು ಸೈರಣೆ ಇರುವ ಆಟ ನಾನು ಬೇರೆ ನೋಡಿಲ್ಲ.

2019ರ ಅಪ್‌ಡೇಟಿನಲ್ಲಿ ಅದಕ್ಕೆ ಭತ್ತವೂ ಬಂತು. ನೀರಿನ ದಂಡೆಗೆ ಹಚ್ಚಿದರೆ ದಿನಾ ನೀರು ಹಾಕುವ ಕೆಲಸವೇ ಇಲ್ಲ, ಎಂಟು ದಿನದ ಬೆಳೆ ಆರೇ ದಿನಕ್ಕೆ ಬರುತ್ತದೆ. ಒಂದು ರಾತ್ರಿ ಹೀಗೇ ಕೆರೆ ದಂಡೆಗೆ ಹಚ್ಚುತ್ತಿದ್ದಾಗ ಅಪ್ಪ ಬಂದು ಹಿಂದೆ ನಿಂತರು. ಅವರ ಹೊಲ ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗದ್ದು, ನೀರಿಗಾಗಿ ರಾತ್ರಿ ಕಾಲುವೆ ಕಾದು ಕಾದು ಹೈರಾಣಾದವರು.

"ಇದಕ್ಕ ನೀರು ಎಲ್ಲಿಂದ ಬರ್ತಾವು?"

"ಪಕ್ಕದಾಗ ಕೆರಿ ಐತಪ್ಪ."

"ಮ್ಯಾಲಿನವ್ರು ತೂಬು ಬಂದ್ ಮಾಡಂಗಿಲ್ಲೇನು?"

"ಮ್ಯಾಲೆ ಯಾರೂ ಇಲ್ಲ."

"ಆಳು?"

"ನಾನ ಒಬ್ಬನ."

ಸ್ವಲ್ಪ ಹೊತ್ತು ನೋಡಿದರು. "ಹಂಗಾರ ಆಟನ ಬಿಡು" ಅಂದು ಮಲಗಲು ಹೋದರು.

ಒಂದೇ ಒಂದು ಸಲ ಆ ಆಟ ನನಗೆ ಬೇಡವಾಗಿತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನ್ ಕತ್ತರಿಸಿ ಗೇಟೇ ಕೊಚ್ಚಿಕೊಂಡು ಹೋಯಿತು. ಮರುದಿನ ಬೆಳಗಿನಿಂದ ಫೋನು ಕೆಳಗಿಡಲು ಆಗಲಿಲ್ಲ. ನಾಟಿ ಮಾಡಿದವರು, ಸಸಿ ಮಡಿ ಹಾಕಿದವರು, ಎಲ್ಲರೂ ಕೇಳುವುದು ಒಂದೇ: ನೀರು ಉಳಿಯುತ್ತದೋ ಇಲ್ಲವೋ. ನನಗೇನು ಗೊತ್ತು? ಉದ್ರಿ ಪುಸ್ತಕವನ್ನು ಎರಡು ಸಲ ಕೂಡಿಸಿ ನೋಡಿದೆ. ತಲೆ ಹಗುರಾಗಲಿ ಅಂತ ರಾತ್ರಿ ಆಟ ತೆರೆದರೆ, ಆ ಕೆರೆ ಹಾಗೇ ತುಂಬಿ ನಿಂತಿದೆ, ಭತ್ತ ಹಸಿರಾಗಿ ಅಲ್ಲಾಡುತ್ತಿದೆ. ಮುಚ್ಚಿಟ್ಟೆ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗಕ್ಕೆ ಅಡ್ಡ ಇಡುವ ಉಕ್ಕಿನ ತುಂಡುಗಳನ್ನು, ಇಳಿಸಿ ವಾರದೊಳಗೆ ತಡೆದರಲ್ಲ, ಆ ಸುದ್ದಿ ಬಂದ ಮೇಲೆಯೇ ಮತ್ತೆ ಕೈ ಹಾಕಿದ್ದು.

ನಿಮಗೆ ಹೇಳುವುದಾದರೆ, ಸ್ಟಾರ್‌ಡ್ಯೂ ಫೋನಿನಲ್ಲೂ ಬರುತ್ತದೆ, ದೊಡ್ಡ ಕಂಪ್ಯೂಟರ್ ಬೇಕಿಲ್ಲ. ಮೊದಲ ವಾರ ಏನೂ ಆಗುತ್ತಿಲ್ಲ ಅನ್ನಿಸಿದರೆ ಗಾಬರಿ ಬೇಡ, ಕಾಗೆ ಕಾಟಕ್ಕೆ ಒಂದು ಬೆದರುಗೊಂಬೆ ಮಾತ್ರ ಬೇಗ ನಿಲ್ಲಿಸಿಬಿಡಿ. ತಿಂಗಳ ಕೊನೇ ವಾರದಲ್ಲಿ ಹೊಸ ಬೀಜ ಹಾಕಬೇಡಿ, ಋತು ಬದಲಾದ ಬೆಳಿಗ್ಗೆ ಹಳೇ ಬೆಳೆ ಒಣಗಿ ನಿಂತಿರುತ್ತದೆ. ನಾನು ಮೂವತ್ತು ಹೂಕೋಸು ಹಾಗೆ ಕಳೆದುಕೊಂಡೆ, ಬೀಜದ ಅಂಗಡಿಯವನಾಗಿಯೂ. ಮೀನು ಹಿಡಿಯುವುದು ಹೇಗೆ ಅಂತ ಮಾತ್ರ ನನ್ನನ್ನು ಕೇಳಬೇಡಿ. ಇವತ್ತಿಗೂ ನನ್ನ ಗಾಳಕ್ಕೆ ಹೆಚ್ಚಾಗಿ ಬೀಳುವುದು ಕಸ, ಒಡೆದ ಕನ್ನಡಕ.