ಅಂಗಡಿಯಿಂದ ಏನೂ ತರದೆ ಮನೆಯಲ್ಲೇ ಬೋರ್ಡ್ ಗೇಮ್ ಮಾಡಿಕೊಳ್ಳಬಹುದಾ?

ಧಾರಾಳವಾಗಿ. ಒಂದು ಡಬ್ಬಿ ಹುಣಸೆ ಬೀಜ, ಕಾಯಿಗಳಾಗಿ ನಾಲ್ಕು ಬಣ್ಣದ ಬಳೆಚೂರು, ಸೀಮೆಸುಣ್ಣ ಸಾಕು.

ಚೌಕಾಬಾರಕ್ಕೆ ನೆಲದ ಮೇಲೆ ಐದೈದು ಮನೆಯ ಚೌಕ ಬರೆಯಿರಿ. ನಾಲ್ಕೂ ಬದಿಯ ನಡುವಿನ ಮನೆಗೆ ಗುಣಿಸು ಗುರುತು ಹಾಕಿ. ಅಲ್ಲಿರುವ ಕಾಯಿಯನ್ನು ಹೊಡೆಯುವಂತಿಲ್ಲ. ಒಬ್ಬೊಬ್ಬರಿಗೆ 4 ಕಾಯಿ. ಕವಡೆ ಇಲ್ವಾ? 4 ಹುಣಸೆ ಬೀಜದ ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿ. ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ. ನಾಲ್ಕೂ ಕಪ್ಪಾದರೆ 8. ನಾಲ್ಕೋ ಎಂಟೋ ಬಿದ್ದರೆ ಇನ್ನೊಮ್ಮೆ ಹಾಕಬಹುದು. ಹೊರಸುತ್ತು, ಒಳಸುತ್ತು ಮುಗಿಸಿ ನಟ್ಟನಡುವಿನ ಮನೆ ಸೇರಿದರೆ ಕಾಯಿ ಹಣ್ಣು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂದು ಕೆಲವರು ಆಡುತ್ತಾರೆ. ಅದಿಲ್ಲದಿದ್ದರೆ ಆಟ ಸಪ್ಪೆ ಅಲ್ವಾ?

ಗುಳಿಯಿಂದ ಗುಳಿಗೆ ಬೀಜ ಹಂಚುತ್ತಾ ಆಡುವ ಅಳಗುಳಿ ಮಣೆಗೂ ಅದೇ ಬೀಜ ಆಗುತ್ತದೆ: 14 ಗುಳಿ, ಗುಳಿಗೆ 5ರಂತೆ 70 ಬೀಜ. ಮಣೆ ಇಲ್ಲದಿದ್ದರೆ ಪೇಪರ್ ಕಪ್ ಜೋಡಿಸಿ.